ಒಡೆದ ಗಡಿಗೆಯ ಕಥೆ ಹೇಳಿದ ಕಾಸರವಳ್ಳಿ

‘ಶೋಲೆ’ ಪಿಕ್ಚರು ನಮ್ಮದು ಅಂತ ಹೇಳಿಕೊಳ್ಳದ ರಾಮನಗರದವರನ್ನು ನೀವು ಎಲ್ಲಾದರೂ ನೋಡಿದ್ದೀರಾ ಸೋದರಿಯರೇ? ನಾನಂತೂ ನೋಡಿಲ್ಲ. 1973ರಲ್ಲಿ ಮುಂಬೈಯಿಂದ ಸಿಪ್ಪಿಯವರ ದಂಡು ಬಂದಿಳಿದು, ರಾಮದೇವರ ಬೆಟ್ಟದ ಬುಡದಲ್ಲಿ ‘ರಾಮಗಢ’ ಅಂತ ಒಂದು ಊರನ್ನೇ ಕಟ್ಟಿ ನಿಲ್ಲಿಸಿತು. ಅಮಿತಾಭ್ ಬಚ್ಚನ್, ಧರ್ಮೇಂದ್ರ, ಹೇಮಾಮಾಲಿನಿ ಎಲ್ಲ ನಮ್ಮ ಬಂಡೆಗಳ ಮೇಲೆ ಓಡಾಡಿದರು. ಇತ್ತ ಮಾಗಡಿಯವರೇನೂ ಕಡಿಮೆ ಇಲ್ಲ. ಸಾವನದುರ್ಗದಲ್ಲಿ ಇಂಗ್ಲೆಂಡಿನ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ತೆಗೆದ, ಅದು 1984ರಲ್ಲಿ ತೆರೆಗೆ ಬಂತು ಅಂತ ಅವರು ಹೇಳುತ್ತಾರೆ. ಕನಕಪುರದ ತವರಿನಿಂದ ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದ ನಾನು ಈ ಎರಡು ಕಥೆಗಳನ್ನೂ ಕೇಳಿ ಕೇಳಿ ಸುಸ್ತಾಗಿದ್ದೇನೆ!

ಆದರೆ ಇವತ್ತು ನಿಮ್ಮ ಹತ್ತಿರ ಮಾತಾಡಬೇಕು ಅಂತಿರೋದು ಬೇರೆಯದೇ ಒಂದು ಪಿಕ್ಚರಿನ ಬಗ್ಗೆ. ಅದರಲ್ಲಿ ಕುದುರೆ ಇಲ್ಲ, ಬಂದೂಕ ಇಲ್ಲ, ಹಾಡು ಕುಣಿತ ಇಲ್ಲ, ಬಣ್ಣ ಕೂಡ ಇಲ್ಲ. ‘ಶೋಲೆ’ ಬಿಡುಗಡೆಯಾದದ್ದು 1975ರ ಆಗಸ್ಟ್ 15ಕ್ಕೆ. ಅದೇ ವರ್ಷ ಮಲೆನಾಡಿನ ಒಬ್ಬ ಹುಡುಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದು ಮುಗಿಸಿದ್ದ. ಎರಡೇ ವರ್ಷದಲ್ಲಿ, 1977ರಲ್ಲಿ, ಆತ ತನ್ನ ಮೊದಲ ಪಿಕ್ಚರು ತೆಗೆದು, ಇಡೀ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಗೆದ್ದುಬಿಟ್ಟ. ಆಗ ಅವನ ವಯಸ್ಸು ಇಪ್ಪತ್ತೇಳು ದಾಟಿರಲಿಲ್ಲ. ಪಿಕ್ಚರಿನ ಹೆಸರು ‘ಘಟಶ್ರಾದ್ಧ’. ಹುಡುಗನ ಹೆಸರು ಗಿರೀಶ್ ಕಾಸರವಳ್ಳಿ.

‘ಅಯ್ಯೋ, ಅವಾರ್ಡ್ ಪಿಕ್ಚರಾ!’ ಅಂತ ಪುಟ ತಿರುಗಿಸಿಬಿಡಬೇಡಿ. ನಾನು ಚಿಕ್ಕವಳಿದ್ದಾಗ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಬಂದ ಚಿತ್ರಗಳನ್ನು ಹಾಕುತ್ತಿದ್ದರು, ನೆನಪಿದೆಯೇ? ಒಂದು ವಾರ ಬಂಗಾಳಿ, ಒಂದು ವಾರ ಮಲಯಾಳಂ. ಎಂದೋ ಒಂದು ದಿನ ಕನ್ನಡ. ಊಟ ಮಾಡಿ ಅದರ ಮುಂದೆ ಕೂತರೆ ಮನೆಯ ಗಂಡಸರಿಗೆ ಒಳ್ಳೇ ನಿದ್ದೆ ಬರುತ್ತಿತ್ತು. ಹೆಂಗಸರು ಮಾತ್ರ ಹುರಳಿಕಾಯಿ ನಾರು ತೆಗೆಯುತ್ತಾ, ಅಕ್ಕಿ ಆರಿಸುತ್ತಾ ನೋಡುತ್ತಿದ್ದರು. ಈ ಚಿತ್ರಗಳು ಒಂಥರಾ ನಮ್ಮ ಸಾಮಾನು ಅಂತ ನನಗೆ ಅನ್ನಿಸಿದ್ದು ಆವಾಗಲೇ. ಯಾಕಂದರೆ ಅದರಲ್ಲಿ ಅಡಿಗೆಮನೆ ಇರುತ್ತಿತ್ತು. ನೀರು ಸೇದುವುದು, ಒಲೆ ಊದುವುದು, ಯಾರೂ ಕಾಣದ ಹಾಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು ಎಲ್ಲ ಇರುತ್ತಿತ್ತು.

ಕಾಸರವಳ್ಳಿಯವರು ಹುಟ್ಟಿದ್ದು 1950ರ ಡಿಸೆಂಬರಿನಲ್ಲಿ, ತೀರ್ಥಹಳ್ಳಿ ತಾಲೂಕಿನ ಕೆಸಲೂರಿನಲ್ಲಿ. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅವರಿಗೆ ಸೋದರಮಾವ. ಹುಡುಗ ಓದಿದ್ದು ಏನು ಗೊತ್ತೇ? ಮಣಿಪಾಲದಲ್ಲಿ ಔಷಧ ಶಾಸ್ತ್ರ! ಮಾತ್ರೆ ಟಾನಿಕ್ಕುಗಳ ಲೆಕ್ಕ ಬಿಟ್ಟು ಪುಣೆಗೆ ಹೋಗಿ ಸಿನಿಮಾ ಕಲೀತೀನಿ ಅಂದಾಗ ಆ ಕಾಲದ ಯಾವ ಮನೆಯವರಿಗೆ ಎದೆ ಧಸಕ್ ಅನ್ನೋದಿಲ್ಲ ಹೇಳಿ. ಓದುತ್ತಿರುವಾಗ ತೆಗೆದ ‘ಅವಶೇಷ’ ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಬಿ.ವಿ. ಕಾರಂತರು ‘ಚೋಮನ ದುಡಿ’ ತೆಗೆಯುವಾಗ ಅವರಿಗೆ ಸಹಾಯಕರಾಗಿದ್ದರು. ಆಮೇಲೆ ಯು.ಆರ್. ಅನಂತಮೂರ್ತಿಯವರ ಒಂದು ಸಣ್ಣ ಕಥೆ ಕೈಗೆತ್ತಿಕೊಂಡರು. ಸದಾನಂದ ಸುವರ್ಣ ಅನ್ನುವ ರಂಗಭೂಮಿಯವರು ನಿರ್ಮಾಪಕರಾದರು. ಎಸ್. ರಾಮಚಂದ್ರ ಕ್ಯಾಮರಾ ಹಿಡಿದರು. ಕಾರಂತರೇ ಸಂಗೀತ ಕೊಟ್ಟರು.

ಕಥೆ ಹೇಳುತ್ತೇನೆ ಕೇಳಿ. ಇದು ಮುಂಚೆ ಗೊತ್ತಾದರೆ ಪಿಕ್ಚರು ಕೆಡುತ್ತೆ ಅನ್ನುವ ಜಾತಿಯದಲ್ಲ.

ಬಹಳ ಹಿಂದಿನ ಕಾಲ. ಮಲೆನಾಡಿನ ಒಂದು ಅಗ್ರಹಾರ. ಉಡುಪರು ತಮ್ಮ ಮನೆಯಲ್ಲೇ ವೇದಪಾಠಶಾಲೆ ನಡೆಸುತ್ತಾರೆ. ಅವರ ಮಗಳು ಯಮುನಾ. ಸಂಸಾರ ಅಂದರೆ ಏನೂಂತ ತಿಳಿಯುವ ಮೊದಲೇ ಗಂಡ ಸತ್ತು ತವರಿನಲ್ಲಿ ಉಳಿದವಳು. ಆ ಪಾಠಶಾಲೆಗೆ ನಾಣಿ ಅಂತ ಒಂದು ಪುಟ್ಟ ಹುಡುಗ ಬಂದು ಸೇರುತ್ತಾನೆ. ಅಮ್ಮನನ್ನು ಬಿಟ್ಟು ಬಂದ ಮಗು, ರಾತ್ರಿ ಹೆದರುತ್ತದೆ. ದೊಡ್ಡ ಹುಡುಗರು ಬೇರೆ ಕಾಟ ಕೊಡುತ್ತಾರೆ. ಯಮುನಾ ಅವನನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಅವಳಿಗೂ ಒಂದು ಮಗು ಬೇಕಿತ್ತು ಅನ್ನಿ, ಅವನಿಗೂ ಒಬ್ಬಳು ತಾಯಿ ಬೇಕಿತ್ತು. ಇಷ್ಟು ಹೊತ್ತಿಗೆ ಯಮುನಾ ಬಸಿರಾಗಿದ್ದಾಳೆ. ಕಾರಣನಾದವನು ಊರಿನ ಶಾಲೆಯ ಮೇಷ್ಟ್ರು. ಅಪ್ಪ ಪಾಠಶಾಲೆಗೆ ಹಣ ಕೂಡಿಸಲು ಪರಸ್ಥಳಕ್ಕೆ ಹೋಗಿರುತ್ತಾರೆ.

ಮುಂದೆ ಆಗುವುದೆಲ್ಲ ನಾಣಿಯ ಕಣ್ಣೆದುರಿಗೇ ಆಗುತ್ತದೆ. ಊರಿನ ಬಾಯಿಗಳು ಪಿಸುಗುಟ್ಟುತ್ತವೆ. ಯಮುನಾ ಸಾಯಬೇಕೆಂದು ಹಾವಿನ ಹುತ್ತದೊಳಗೆ ಕೈ ಇಡುತ್ತಾಳೆ. ಆ ಮೇಷ್ಟ್ರು ಗರ್ಭ ತೆಗೆಸುವ ಏರ್ಪಾಡು ಮಾಡಿ, ತಾನು ನುಣುಚಿಕೊಂಡು ಮಾಯವಾಗುತ್ತಾನೆ. ಗುಟ್ಟು ರಟ್ಟಾಗುತ್ತದೆ. ಹಿಂದಿರುಗಿ ಬಂದ ಅಪ್ಪ ಬದುಕಿರುವ ಮಗಳಿಗೆ ‘ಘಟಶ್ರಾದ್ಧ’ ಮಾಡುತ್ತಾರೆ.

ಘಟ ಅಂದರೆ ಗಡಿಗೆ. ಜಾತಿಯಿಂದ, ಮನೆಯಿಂದ ಹೊರಗೆ ಹಾಕಿದವರಿಗೆ ಸತ್ತವರಿಗೆ ಮಾಡುವ ಹಾಗೆ ಕರ್ಮ ಮಾಡಿ, ಗಡಿಗೆ ಒಡೆದುಬಿಡುವುದು. ಅಲ್ಲಿಗೆ ಆಕೆ ಇದ್ದೂ ಇಲ್ಲದವಳು. ತಲೆ ಬೋಳಿಸಿಕೊಂಡ ಯಮುನಾ ಒಬ್ಬಳೇ ಕೂತಿರುತ್ತಾಳೆ. ನಾಣಿಯನ್ನು ಅವನ ಮನೆಯವರು ಕರೆದುಕೊಂಡು ಹೊರಟಿದ್ದಾರೆ. ಅವನು ತಿರುಗಿ ತಿರುಗಿ ನೋಡುತ್ತಾ ಹೋಗುತ್ತಾನೆ. ಈ ನಡುವೆ ಒಂದು ಸುದ್ದಿ ಕಿವಿಗೆ ಬೀಳುತ್ತದೆ. ಮಗಳ ಶ್ರಾದ್ಧ ಮಾಡಿದ ಆ ಮುದುಕಪ್ಪ ಈಗ ಹದಿನಾರರ ಹುಡುಗಿಯನ್ನು ಮದುವೆಯಾಗಲು ಹೊರಟಿದ್ದಾರಂತೆ! ಕಾಸರವಳ್ಳಿಯವರು ಇದಕ್ಕೆ ಯಾರ ಬಾಯಿಂದಲೂ ಭಾಷಣ ಮಾಡಿಸುವುದಿಲ್ಲ. ಸುದ್ದಿ ಹೇಳಿ ಸುಮ್ಮನಾಗುತ್ತಾರೆ. ಹೊಟ್ಟೆಯೊಳಗೆ ಕೈ ಹಾಕಿ ತಿರುವಿದ ಹಾಗಾಗುತ್ತದೆ.

ಯಮುನಾ ಪಾತ್ರ ಮಾಡಿದವರು ಮೀನಾ ಕುಟ್ಟಪ್ಪ. ಅವರ ಮುಖದಲ್ಲಿ ಒಂದು ದಣಿವಿದೆ ನೋಡಿ, ಬಣ್ಣ ಬಳಿದು ತರುವ ದಣಿವಲ್ಲ ಅದು. ನಾಣಿಯಾದ ಬಾಲಕ ಅಜಿತ್ ಕುಮಾರನಿಗೆ ರಾಷ್ಟ್ರದ ಅತ್ಯುತ್ತಮ ಬಾಲನಟ ಪ್ರಶಸ್ತಿ ಬಂತು. ಕಾರಂತರಿಗೆ ಸಂಗೀತಕ್ಕೆ ಬಂತು. ಇದೇ ಕಥೆಯನ್ನು ಹಿಂದಿಯವರೂ ಬಿಡಲಿಲ್ಲ, 1991ರಲ್ಲಿ ಅರುಣ್ ಕೌಲ್ ‘ದೀಕ್ಷಾ’ ಅಂತ ತೆಗೆದರು.

ಕಳೆದ ಆಷಾಢದಲ್ಲಿ, ಮದುವೆ ಮುಂಜಿ ಯಾವುದೂ ಇಲ್ಲದ ಒಂದು ಮಧ್ಯಾಹ್ನ, ನಮ್ಮ ಬೀದಿಯ ಐದಾರು ಜನ ಹೆಂಗಸರು ನಮ್ಮ ನಡುಮನೆಯಲ್ಲಿ ಸೇರಿ ಇದನ್ನು ನೋಡಿದೆವು. ಮಗ ಮೊಬೈಲಿನಲ್ಲಿ ಹುಡುಕಿ ಟಿವಿಗೆ ಜೋಡಿಸಿಕೊಟ್ಟ. ಬಂದವರಲ್ಲಿ ಒಬ್ಬಾಕೆ ಗೊಂಬೆ ಕಾರ್ಖಾನೆಯಲ್ಲಿ ಅರಗಿನ ಬಣ್ಣ ಹಾಕುವವಳು. ಒಬ್ಬರು ರೇಷ್ಮೆ ನೂಲು ಬಿಚ್ಚುವ ಮನೆಯ ಮುಸ್ಲಿಂ ಗೆಳತಿ. ಇನ್ನೊಬ್ಬರು ಎಂಬತ್ತು ದಾಟಿದ ಅಜ್ಜಿ. ಮೊದಲ ಕಾಲುಗಂಟೆ ಗುಸುಗುಸು ಇತ್ತು. ‘ಏನಮ್ಮ ಇಷ್ಟು ನಿಧಾನ!’ ಅಂದಳು ಗೊಂಬೆಯವಳು. ಹುತ್ತಕ್ಕೆ ಕೈ ಇಡುವ ಹೊತ್ತಿಗೆ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮುಗಿದ ಮೇಲೆ ಶುರುವಾಯಿತು ನೋಡಿ ಜಗಳ! ಅಪ್ಪನ ತಪ್ಪೇನು, ಊರಿಗೆ ಹೆದರಿ ಮಾಡಿದ, ಪಾಠಶಾಲೆ ಉಳಿಯಬೇಕಿತ್ತಲ್ಲ ಅಂತ ಒಬ್ಬರು. ಹಾಗಾದರೆ ಊರಿಗೆ ಹೆದರಿದವನು ಹದಿನಾರರ ಹುಡುಗಿಯನ್ನು ಕಟ್ಟಿಕೊಳ್ಳೋಕೆ ಯಾಕೆ ಹೆದರಲಿಲ್ಲ ಅಂತ ಗೊಂಬೆಯವಳು. ಮೇಷ್ಟ್ರಿಗೆ ಯಾರೂ ಯಾಕೆ ಗಡಿಗೆ ಒಡೀಲಿಲ್ಲ ಅಂತ ನನ್ನ ಪ್ರಶ್ನೆ. ಅಜ್ಜಿ ಮಾತ್ರ ಮಾತಾಡಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದರು. ಅವರ ತವರಿನ ಹಳ್ಳಿಯಲ್ಲಿ ಇಂಥ ಕರ್ಮ, ಮಂತ್ರ ಏನೂ ಇರಲಿಲ್ಲವಂತೆ. ಆದರೆ ಗಂಡ ಸತ್ತ ಒಬ್ಬ ಹುಡುಗಿ ಹೀಗೇ ಆಗಿ, ಅವಳನ್ನು ರಾತ್ರೋರಾತ್ರಿ ಎತ್ತಿನ ಗಾಡಿಯಲ್ಲಿ ಕೂರಿಸಿ ಎಲ್ಲೋ ಬಿಟ್ಟು ಬಂದರಂತೆ. ಬೆಳಿಗ್ಗೆ ಅವಳಮ್ಮ ಎಂದಿನ ಹಾಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರಂತೆ. ‘ನಾವೆಲ್ಲ ಅವಳ ಜೊತೆಗೇ ಕುಂಟೆಬಿಲ್ಲೆ ಆಡಿದೋರು. ಎಲ್ಲಿ ಹೋದ್ಲು ಅಂತ ಯಾರೂ ಕೇಳಲಿಲ್ಲ ಕಣೇ. ಕೇಳಬಾರದು ಅಂತ ಯಾರೂ ಹೇಳಿರಲೂ ಇಲ್ಲ’ ಅಂದರು ಅಜ್ಜಿ. ಅರವತ್ತೈದು ವರ್ಷದ ಹಿಂದಿನ ಮಾತು. ಅವರ ಮಕ್ಕಳು ಸೊಸೆಯಂದಿರು ಯಾರೂ ಅದುವರೆಗೆ ಅದನ್ನು ಕೇಳಿರಲಿಲ್ಲ.

ಹದಿನಾರು ಹದಿನೇಳರ ಹೆಣ್ಣುಮಕ್ಕಳಿಗೆ ಇದನ್ನು ತೋರಿಸಬಹುದೇ ಅಂತ ನೀವು ಕೇಳಬಹುದು. ಬಸಿರು, ಗರ್ಭ ತೆಗೆಸುವುದು ಎಲ್ಲ ಇದೆಯಲ್ಲ ಅಂತ. ನಾನು ನನ್ನ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ಅಸಹ್ಯವಾದದ್ದು ಒಂದು ದೃಶ್ಯವೂ ಇಲ್ಲ. ಈಗ ಮಕ್ಕಳು ಮೊಬೈಲಿನಲ್ಲಿ ನೋಡುವುದಕ್ಕಿಂತ ಸಾವಿರ ಪಾಲು ಮರ್ಯಾದೆಯದು. ಒಂದೇ ಸಲಹೆ. ಒಲೆಯ ಮೇಲೆ ಏನನ್ನೂ ಇಟ್ಟು ಕೂರಬೇಡಿ. ನಮ್ಮಲ್ಲಿ ಒಬ್ಬರ ಮನೆಯ ಹಾಲು ಅವತ್ತು ತಳ ಹತ್ತಿತು!

ವಿಧವೆಯರ ತಲೆ ಬೋಳಿಸುವ ಈ ಸಂಕಟವನ್ನೇ ಇಟ್ಟುಕೊಂಡು ಎಂ.ಕೆ. ಇಂದಿರಾ ಅವರು ‘ಫಣಿಯಮ್ಮ’ ಬರೆದದ್ದು ನಿಮಗೆಲ್ಲ ಗೊತ್ತು. ಅದನ್ನು ಪ್ರೇಮಾ ಕಾರಂತರು 1983ರಲ್ಲಿ ಚಿತ್ರ ಮಾಡಿದರು, ಅದು ಅವರಿಗೂ ಮೊದಲ ಚಿತ್ರ. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ಬಹಳ ಚೆನ್ನ. ಫಣಿಯಮ್ಮ ಎಲ್ಲ ನುಂಗಿಕೊಂಡು ಗಟ್ಟಿಯಾದವಳು. ಯಮುನೆಗೆ ಗಟ್ಟಿಯಾಗಲು ಯಾರೂ ಕಾಲವನ್ನೇ ಕೊಡಲಿಲ್ಲ.

ಮೊದಲ ಚಿತ್ರಕ್ಕೇ ಇಷ್ಟು ಕೀರ್ತಿ ಬಂದರೆ ಎಷ್ಟೋ ಜನ ಅಲ್ಲಿಗೇ ನಿಂತುಬಿಡುತ್ತಾರೆ. ಕಾಸರವಳ್ಳಿಯವರು ನಿಲ್ಲಲಿಲ್ಲ, ಆದರೆ ಅವಸರವನ್ನೂ ಪಡಲಿಲ್ಲ. ‘ಆಕ್ರಮಣ’, ‘ಮೂರು ದಾರಿಗಳು’ ಬಂದವು. 1986ರ ಸ್ವರ್ಣಕಮಲ ‘ತಬರನ ಕಥೆ’ಗೆ ಬಂತು. ಪೂರ್ಣಚಂದ್ರ ತೇಜಸ್ವಿಯವರ ಕಥೆ ಅದು. ಸರ್ಕಾರಕ್ಕೆ ದುಡಿದು ನಿವೃತ್ತನಾದ ತಬರಶೆಟ್ಟಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲಿನ ಸಕ್ಕರೆ ಕಾಯಿಲೆಯ ಹುಣ್ಣು ಕೊಳೆಯುತ್ತಾ ಬರುತ್ತದೆ. ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ತಾಲೂಕು ಕಚೇರಿಯ ಬೆಂಚಿನ ಮೇಲೆ ಕಾದು ಕೂತ ಅನುಭವ ಇರುವವರು ಈ ಚಿತ್ರ ನೋಡುವಾಗ ಬೇರೆ ಯಾರೂ ಅರ್ಥ ಹೇಳಬೇಕಾಗಿಲ್ಲ. ‘ಮನೆ’ಯಲ್ಲಿ ಹಳ್ಳಿಯಿಂದ ಪೇಟೆಗೆ ಬಂದ ದಂಪತಿಗಳಾಗಿ ನಾಸಿರುದ್ದೀನ್ ಷಾ, ದೀಪ್ತಿ ನಾವಲ್ ಇದ್ದಾರೆ. ಜಯಮಾಲಾ ತಾವೇ ನಿರ್ಮಿಸಿ ನಟಿಸಿದ ‘ತಾಯಿ ಸಾಹೇಬ’ಕ್ಕೆ 1997ರಲ್ಲಿ ಮತ್ತೆ ಸ್ವರ್ಣಕಮಲ. ಅದರ ಸೀರೆ ಕುಪ್ಪಸಗಳ ವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ಅವರ ಪತ್ನಿ ವೈಶಾಲಿ ಕಾಸರವಳ್ಳಿ. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಬೇಡಿ. ‘ಮೂಡಲ ಮನೆ’ ಧಾರಾವಾಹಿಯನ್ನು ನಿರ್ದೇಶಿಸಿದ ವೈಶಾಲಿಯವರೇ ಇವರು! ಆ ಹೊತ್ತಿಗೆ ಎಷ್ಟು ಮನೆಗಳಲ್ಲಿ ರಾತ್ರಿ ಅಡಿಗೆ ಬೇಗ ಮುಗಿಯುತ್ತಿತ್ತು ಅಂತ ನಮಗೆ ಗೊತ್ತಿಲ್ಲವೇ. ಅವರು 2010ರಲ್ಲಿ ತೀರಿಕೊಂಡರು. ಮಗಳು ಅನನ್ಯಾ ಕೂಡ 2016ರಲ್ಲಿ ‘ಹರಿಕಥಾ ಪ್ರಸಂಗ’ ಎಂಬ ಚಿತ್ರ ನಿರ್ದೇಶಿಸಿದರು.

ನನ್ನನ್ನು ಕೇಳಿದರೆ ‘ಘಟಶ್ರಾದ್ಧ’ದ ನಂತರ ನಾವು ನೋಡಲೇಬೇಕಾದದ್ದು ‘ದ್ವೀಪ’. ಸೌಂದರ್ಯ ತಾವೇ ದುಡ್ಡು ಹಾಕಿ, ತಾವೇ ನಾಗಿಯಾಗಿ ನಟಿಸಿದ್ದು. ಕಥೆ ನಾ. ಡಿಸೋಜಾ ಅವರದು. ಅಣೆಕಟ್ಟಿನ ನೀರು ಏರುತ್ತಾ ಬಂದು ಊರು ಮುಳುಗುತ್ತಿದೆ. ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಹೊರಟರೂ ಮೂರು ಜನ ಉಳಿಯುತ್ತಾರೆ. ಮಾವ, ಗಂಡ, ನಾಗಿ. ಮಳೆ, ಕತ್ತಲೆ, ಸುತ್ತ ನೀರು. ರಾತ್ರಿಯೆಲ್ಲ ಒದ್ದಾಡಿ ಮನೆಯನ್ನು ಉಳಿಸುವವಳು ನಾಗಿ. ಬೆಳಗಾಗಿ ಮಳೆ ನಿಂತಾಗ ಗಂಡ ಏನನ್ನುತ್ತಾನೆ ಗೊತ್ತೇ? ಎಲ್ಲ ದೇವರ ದಯೆ ಅನ್ನುತ್ತಾನೆ! ಅವಳು ಅವನ ಮುಖ ನೋಡುತ್ತಾಳೆ. ಅಷ್ಟೇ. ಸೌಂದರ್ಯ ನೋಡುವ ಆ ನೋಟವನ್ನು ನಮ್ಮಲ್ಲಿ ಯಾರು ತಾನೇ ಒಂದಲ್ಲ ಒಂದು ದಿನ ನೋಡಿಲ್ಲ? ಹಬ್ಬದ ದಿನ ನಾಲ್ಕು ಗಂಟೆಗೆ ಎದ್ದು ಇಪ್ಪತ್ತು ಜನಕ್ಕೆ ಬೇಯಿಸಿ ಹಾಕಿದ ಮೇಲೆ, ‘ಈ ಸಲ ದೇವರ ದಯೆಯಿಂದ ಎಲ್ಲ ಸಾಂಗವಾಗಿ ಆಯ್ತು’ ಅಂತ ಕೈ ತೊಳೆದು ಏಳುವವರನ್ನು ನೋಡಿದ್ದೇವಲ್ಲ! ‘ದ್ವೀಪ’ ಕೂಡ ಸ್ವರ್ಣಕಮಲ ತಂದಿತು. 2004ರಲ್ಲಿ ಸೌಂದರ್ಯ ವಿಮಾನ ದುರಂತದಲ್ಲಿ ಹೋಗಿಬಿಟ್ಟರು.

ಒಂದು ಲೆಕ್ಕ ಹೇಳುತ್ತೇನೆ. ‘ಸಂಸ್ಕಾರ’ದಿಂದ ಮೊದಲಾಗಿ ಕನ್ನಡದ ಆರು ಚಿತ್ರಗಳಿಗೆ ಸ್ವರ್ಣಕಮಲ ಬಂದಿದೆ. ಅದರಲ್ಲಿ ನಾಲ್ಕು ಇವರೊಬ್ಬರವೇ. 2011ರಲ್ಲಿ ಪದ್ಮಶ್ರೀಯೂ ಬಂತು.

ನಮ್ಮ ರೇಷ್ಮೆ ಮನೆಯ ಗೆಳತಿ ಹೇಳಿ ಕಳಿಸಿದ್ದರಿಂದ ‘ಹಸೀನಾ’ ವಿಷಯವನ್ನು ಬಿಡುವ ಹಾಗಿಲ್ಲ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ 2004ರಲ್ಲಿ ಮಾಡಿದ್ದು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತಲ್ಲ, ಅದೇ ಬಾನು ಮುಷ್ತಾಕ್. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಆಟೋ ಓಡಿಸುವ ಗಂಡ ಬಿಟ್ಟು ಹೋಗುತ್ತಾನೆ. ಹಸೀನಾ ಮಸೀದಿಯ ಮುಂದೆ ಮಕ್ಕಳನ್ನು ಕರೆದುಕೊಂಡು ಕೂತು ನ್ಯಾಯ ಕೇಳುತ್ತಾಳೆ. ತಾರಾ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ತಂದ ಪಾತ್ರ. ಗೆಳತಿ ಇದನ್ನು ಎರಡು ಸಲ ನೋಡಿದ್ದಾರೆ. ‘ನಿಮ್ಮ ಯಮುನಾ ಬಾಯಿ ಮುಚ್ಚಿಕೊಂಡು ಕೂತಳು, ನಮ್ಮ ಹಸೀನಾ ಕೇಳಿದಳು’ ಅಂತ ಅವರ ವಾದ. ಕೇಳಿದ ಮೇಲೆ ಸಿಕ್ಕಿತಾ ಅಂದರೆ ಮಾತ್ರ ಸುಮ್ಮನಾಗುತ್ತಾರೆ.

ಮೊದಲ ಚಿತ್ರಕ್ಕೆ ಇನ್ನೊಂದು ಜನ್ಮ ಬಂದ ಕಥೆ ಹೇಳದಿದ್ದರೆ ಈ ಲೇಖನ ಅರ್ಧವಾದ ಹಾಗೆ. ನಮ್ಮ ರಾಮನಗರ ಸೀಮೆಯಲ್ಲಿ ರೀಲು ಅಂದರೆ ರೇಷ್ಮೆಯದು, ಸಿನಿಮಾದ್ದಲ್ಲ. ಆದರೆ ಎರಡೂ ಕೆಡುವ ರೀತಿ ಒಂದೇ. ಅಮ್ಮನ ಧಾರೆ ಸೀರೆಯನ್ನು ಮಡಿಕೆ ಬದಲಿಸದೆ ಮೂವತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು ತೆಗೆದು ನೋಡಿ, ಮಡಿಕೆ ಮಡಿಕೆಗೂ ಬಿರಿದಿರುತ್ತದೆ. ಫಿಲ್ಮಿನ ಸುರುಳಿಯೂ ಹಾಗೆಯೇ. ಸೆಕೆಗೆ, ತೇವಕ್ಕೆ ಕುಗ್ಗುತ್ತದೆ, ಬೂಸಲು ಹಿಡಿಯುತ್ತದೆ, ಗೀರು ಬೀಳುತ್ತದೆ. ನಮ್ಮ ಕನ್ನಡದ ಹಳೆಯ ಎಷ್ಟೋ ಚಿತ್ರಗಳು ಹೀಗೇ ಹಾಳಾಗಿ ಹೋದವು. ಇದನ್ನು ಸರಿಮಾಡಬೇಕೆಂದರೆ ಸುರುಳಿಯನ್ನು ಸ್ವಚ್ಛಮಾಡಿ, ಒಂದೊಂದೇ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿ, ಗೀರು ಕಲೆ ಅಳಿಸಬೇಕು. ಒಂದು ಸೆಕೆಂಡಿಗೆ 24 ಚಿತ್ರ. ಹಾಗಾದರೆ ಇಡೀ ಪಿಕ್ಚರಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅಮೆರಿಕದ ದೊಡ್ಡ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಇವೆಲ್ಲ ಸೇರಿ ‘ಘಟಶ್ರಾದ್ಧ’ವನ್ನು ಹೀಗೆ ಉಳಿಸಿದವು. 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಅದನ್ನು ಹೊಸದಾಗಿ ತೋರಿಸಿದರು. ನಲವತ್ತೇಳು ವರ್ಷದ ಮೇಲೆ ಯಮುನಾ ವೆನಿಸ್ಸಿಗೆ ಹೋದಳು ನೋಡಿ!

ಅಜ್ಜಿಗೆ ಇದನ್ನು ಓದಿ ಹೇಳಿದೆ. ‘ಅಷ್ಟು ದೂರದೋರು ನೋಡಿ ಏನಂದ್ರಂತೆ?’ ಅಂತ ಕೇಳಿದರು. ಆಮೇಲೆ ಮುಂದಿನದು ಯಾವಾಗ ಅಂದರು. ಹದಿನೈದು ದಿನಕ್ಕೊಂದು ಅಂತ ತೀರ್ಮಾನ ಮಾಡಿದ್ದೇವೆ. ಮುಂದಿನದು ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆಯಿಂದ ಬೆಳೆಸಿದ್ದು, ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಕಲರ್ ಟಿವಿ ಬಂದು, ಊರಿನ ಹೆಂಗಸರೆಲ್ಲ ಅಲ್ಲಿ ಸೇರುತ್ತಾರಂತೆ. ಗೊಂಬೆಯವಳು ಅವತ್ತು ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿ, ಕೋಡುಬಳೆ ಮಾಡಿಕೊಂಡು ಬರುವುದಾಗಿ ಒಪ್ಪಿದ್ದಾಳೆ.